ಜಿಪ್ಸಿ ಚಾಸಿಗೆ ಪ್ಲೇಟ್ ಕೊಟ್ಟು ವೆಲ್ಡಿಂಗ್: 7 ಸಾವಿರವೋ, 78 ಸಾವಿರವೋ?

ಮಾದಾಪುರದ ಜಿಪ್ಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಐದು ಎಕರೆ ತೋಟ. ರೋಬಸ್ಟಾ ಕಾಫಿ, ಜೊತೆಗೆ ಕರಿಮೆಣಸು. ಗಾಡಿ 2006ರ ಮಾರುತಿ ಜಿಪ್ಸಿ. ಮನೆಗೂ ಅದೇ, ತೋಟಕ್ಕೂ ಅದೇ, ಮದುವೆಗೆ ಹೋಗೋದಕ್ಕೂ ಅದೇ.

ಎರಡು ತಿಂಗಳಿಂದ ಹಿಂದೆ ಎಡಗಡೆ ಒಂದು ಸದ್ದು. ತೋಟದ ಗೇಟಿನ ಹತ್ತಿರ ಒಂದು ಚರಂಡಿ ಇದೆ, ಅದನ್ನು ದಾಟುವಾಗ ಮಾತ್ರ 'ಟಕ್' ಅನ್ನುತ್ತಿತ್ತು. ಬುಷ್ ಹೋಗಿರಬೇಕು ಅಂದುಕೊಂಡು ಶ್ಯಾಕಲ್ ಬುಷ್ (ಸ್ಪ್ರಿಂಗ್ ಕೊಂಡಿಯ ರಬ್ಬರ್) ಹಾಕಿಸಿದೆ. 1,400 ರೂಪಾಯಿ ಹೋಯಿತು, ಸದ್ದು ಹೋಗಲಿಲ್ಲ.

ಹೋದ ಭಾನುವಾರ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ನೋಡಿದೆ. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗದ ಹತ್ತಿರ ಚಾಸಿಯ, ಅಂದರೆ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಿನ, ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಸುಮ್ನೆ ಒತ್ತಿದೆ, ಹಿಡಿಯ ತನಕ ಒಳಗೆ ಹೋಯಿತು. ಹೊರಗೆ ಎಳೆದಾಗ ಕಾಫಿಪುಡಿ ತರಹ ತುಕ್ಕು ಮುಖದ ಮೇಲೆ ಸುರಿಯಿತು. ನಮ್ಮ ಮೆಕ್ಯಾನಿಕ್ ಬಂದು ಸುತ್ತಿಗೆಯಲ್ಲಿ ತಟ್ಟುತ್ತಾ ಹೋದ. ಮುಂದೆಲ್ಲ 'ಠಣ್' ಅಂತು. ಹಿಂದೆ ಎಡಗಡೆ ಸುಮಾರು ಒಂದೂವರೆ ಅಡಿ ಬರೀ 'ಡಬ್'. ಸ್ಪ್ರಿಂಗ್ ಬ್ರಾಕೆಟ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕೂ ಇದೆ.

ಈಗ ಮೂರು ಕಡೆ ರೇಟ್ ಕೇಳಿದ್ದೇನೆ.

ನಮ್ಮ ಊರ ಕಡೆ ಗೇಟು, ಗ್ರಿಲ್ಲು ಮಾಡುವವರು 7,000 ಅಂದರು. ರಾಡ್ ವೆಲ್ಡಿಂಗ್. "ಬೆಳಿಗ್ಗೆ ತನ್ನಿ, ಸಂಜೆ ತಗೊಂಡು ಹೋಗಿ, ಏನೂ ಬಿಚ್ಚೋದು ಬೇಡ."

ಕುಶಾಲನಗರದ ಒಂದು ಗ್ಯಾರೇಜಿನಲ್ಲಿ 32,000. ಟ್ಯಾಂಕು, ಹಿಂದಿನ ಸ್ಪ್ರಿಂಗು ಇಳಿಸಿ, ಕೊಳೆತ ಭಾಗ ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸಿ, ಮೇಲೆ ಪ್ಲೇಟ್ ಕೊಡ್ತಾರಂತೆ. ಸೀ-ಓ-ಟೂ ವೆಲ್ಡಿಂಗ್ (ರಾಡ್ ಬದಲು ತಂತಿ, ಜೊತೆಗೆ ಗ್ಯಾಸ್), ಐದು ದಿನ.

ಮೈಸೂರಿನಲ್ಲಿ 78,000. ಬಾಡಿ ಪೂರ್ತಿ ಎತ್ತಿ, ಚಾಸಿಗೆ ಮರಳು ಚಿಮ್ಮಿಸಿ ತುಕ್ಕು ತೆಗೆಸಿ (ಸ್ಯಾಂಡ್ ಬ್ಲಾಸ್ಟ್), ಉದ್ದಕ್ಕೂ ಗಟ್ಟಿ ಮಾಡಿ, ಪೌಡರ್ ಕೋಟಿಂಗ್. ಮೂರು ವಾರ. ಗಾಡಿಯನ್ನು ಅಲ್ಲಿಯವರೆಗೆ ಸಾಗಿಸೋ ಖರ್ಚು ಬೇರೆ.

ಒಂದೇ ಚಾಸಿ, ಒಂದೇ ತೂತು. ಇಷ್ಟು ವ್ಯತ್ಯಾಸ ಹೇಗೆ ಅಂತ ತಲೆ ಕೆಟ್ಟಿದೆ. ವೆಲ್ಡಿಂಗ್ ಲೆಕ್ಕ ಇಂಚಿಗೋ, ಗಂಟೆಗೋ? ಪ್ಲೇಟ್ ಎಷ್ಟು ದಪ್ಪ ಹಾಕಿಸಬೇಕು? ಮುಂದಿನ ವರ್ಷ ಆರ್‌ಸಿ ರಿನ್ಯೂವಲ್ ಇದೆ, ವೆಲ್ಡಿಂಗ್ ನೋಡಿ ಮಡಿಕೇರಿ ಆರ್‌ಟಿಓದಲ್ಲಿ ತಕರಾರು ಮಾಡ್ತಾರಾ?

ಅಪ್ಪ "ಗುಜರಿಗೆ ಹಾಕು" ಅಂತಾರೆ. ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ನಮ್ಮ ಕಡೆ ರಸ್ತೆಗಳೇ ಇಲ್ಲದಂತಾದಾಗ, ಅಪ್ಪನನ್ನೇ ಅಕ್ಕಿ ಮೂಟೆ ಜೊತೆ ಕೂರಿಸಿಕೊಂಡು ಕೆಸರಲ್ಲಿ ದಾಟಿಸಿದ್ದು ಇದೇ ಗಾಡಿ. ಅದನ್ನು ಅವರಿಗೆ ನೆನಪಿಸಿದರೆ ಪೇಪರ್ ಅಡ್ಡ ಹಿಡಿದುಕೊಳ್ತಾರೆ.

ಗೋಣಿಕೊಪ್ಪ ಟಿಂಕರ್

ಅಣ್ಣಾ, ರೇಟಿನ ಮಾತು ಆಮೇಲೆ. ಮೊದಲು ಒಂದು ಹೇಳಿ. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವಾಗ ಡ್ರಮ್ಮು ಗಾಡಿಯಲ್ಲಿ ಸಾಗಿಸ್ತೀರಾ? ಎಡಗಡೆ ಇಡ್ತೀರಾ?

ಮಾದಾಪುರದ ಜಿಪ್ಸಿ

ಹೌದು ಮಾರಾಯ್ರೇ! ಮೈಲುತುತ್ತ ಮನೆಯಲ್ಲೇ ಕರಗಿಸಿ ಡ್ರಮ್ಮಲ್ಲಿ ತಗೊಂಡು ಹೋಗ್ತೀವಿ. ಸುಣ್ಣ ತೋಟದಲ್ಲಿ ಬೆರೆಸೋದು. ಡ್ರಮ್ಮು ಎಡಗಡೆನೇ, ಬಲಗಡೆ ಪಂಪು ಇರುತ್ತೆ. ನಿಮಗೆ ಹೇಗೆ ಗೊತ್ತಾಯ್ತು?

ಗೋಣಿಕೊಪ್ಪ ಟಿಂಕರ್

ತೋಟದ ಗಾಡಿಗಳಲ್ಲಿ ಬರೀ ಮಳೆ ನೀರಾದರೆ ಎರಡೂ ಕಡೆ ಒಂದೇ ಥರ ತಿನ್ನುತ್ತೆ. ಒಂದೇ ಕಡೆ ಹೀಗೆ ತಿಂದಿದ್ದರೆ ಮೇಲಿಂದ ಏನೋ ಚೆಲ್ಲಿದೆ ಅಂತಲೇ ಅರ್ಥ. ಬೋರ್ಡೋಗೆ ಸುಣ್ಣ ಸಾಕಾಯ್ತಾ ಅಂತ ನೋಡೋಕೆ ಚಾಕು ಅದ್ದಿ ನೋಡ್ತೀರಲ್ಲ? ಚಾಕು ಕೆಂಪಾದರೆ ಸುಣ್ಣ ಕಮ್ಮಿ. ಆ ಕೆಂಪು ಅಂದರೆ ತಾಮ್ರ. ಕಬ್ಬಿಣ ಕರಗಿ ಹೋಗಿ ಆ ಜಾಗದಲ್ಲಿ ತಾಮ್ರ ಕೂತಿರುತ್ತೆ. ನೀವು ಸುಣ್ಣನೇ ಇಲ್ಲದ ನೀರು ಸಾಗಿಸ್ತಾ ಇದ್ದೀರಿ. ಚಾಕು ಬದಲು ಚಾಸಿ ಅದ್ದಿದ್ದೀರಿ ಅಷ್ಟೇ. ಪೊಟ್ಯಾಷ್ ಚೀಲ ಒದ್ದೆಯಾಗಿ ಸೋರಿದರೂ ಇದೇ ಕಥೆ, ಅದೂ ಉಪ್ಪೇ ಅಲ್ವಾ.

ಜಿಪ್ಸಿ ಚಾಸಿ ಮುಚ್ಚಿದ ಪೆಟ್ಟಿಗೆ ತರಹ. ನೀರು ಇಳಿಯೋಕೆ ಕೆಳಗೆ ತೂತುಗಳಿವೆ. ಅದು ಕೆಸರಿನಿಂದ ಕಟ್ಟಿಕೊಂಡರೆ ಒಳಗಿಂದ ಕೊಳೆಯುತ್ತೆ, ಹೊರಗೆ ಬಣ್ಣ ಚೆನ್ನಾಗೇ ಕಾಣುತ್ತೆ. ನಿಮಗೆ ಕಂಡ ತೂತು ಒಂದಾದರೆ ಒಳಗೆ ಅದರ ಮೂರು ಪಟ್ಟು ಇರುತ್ತೆ.

ಈಗ ರೇಟು. ಗೇಟ್ ವೆಲ್ಡಿಂಗ್‌ಗೆ ಇಂಚು, ಅಡಿ ಲೆಕ್ಕ ನಡೆಯುತ್ತೆ. ಚಾಸಿಗೆ ನಡೆಯಲ್ಲ. ನಿಮಗೆ ಬೇಕಾದ ಪ್ಲೇಟ್ ಎಷ್ಟು ನೋಡಿ. 3 ಎಂಎಂ ತಗಡು ಒಂದು ಚದರ ಮೀಟರಿಗೆ 23 ಕೆಜಿ ಚಿಲ್ಲರೆ ತೂಗುತ್ತೆ. 45 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ನಾಲ್ಕು ತುಂಡು ಅಂದರೆ ನಾಲ್ಕು ಕೆಜಿ ಆಸುಪಾಸು. ಕೆಜಿಗೆ 80 ಅಂತ ಹಿಡಿದರೂ 350 ರೂಪಾಯಿ ದಾಟಲ್ಲ. ವೆಲ್ಡಿಂಗ್ ಹೊಡೆಯೋದು ಎಲ್ಲ ಸೇರಿ ಮೂರು ನಾಲ್ಕು ಗಂಟೆ. ಮಿಕ್ಕ ದುಡ್ಡೆಲ್ಲ ಎಲ್ಲಿಗೆ ಹೋಗುತ್ತೆ? ಬಿಚ್ಚೋದಕ್ಕೆ, ಉಜ್ಜೋದಕ್ಕೆ, ಮತ್ತೆ ಕಟ್ಟೋದಕ್ಕೆ. 2006ರಿಂದ ಅಲ್ಲಾಡದ ಬೋಲ್ಟು ಸ್ಪ್ಯಾನರ್‌ಗೆ ಬರಲ್ಲ. ಕಾಯಿಸಬೇಕು, ಕೆಲವು ಕತ್ತರಿಸಬೇಕು. ನಾನು ಒಂದು ಬೋಲ್ಟಿಗೆ ಅರ್ಧ ದಿನ ಕಳೆದದ್ದೂ ಇದೆ.

7 ಸಾವಿರದವರು ಏನೂ ಬಿಚ್ಚಲ್ಲ ಅಂದರಲ್ಲ, ಅಲ್ಲೇ ಎದ್ದು ಬಂದುಬಿಡಿ. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಕಿಡಿ ಹಾರಿಸೋ ಕೆಲಸ ಅದು. ಟ್ಯಾಂಕ್ ಇಳಿಸಿ ದೂರ ಇಡಲೇಬೇಕು. ಬ್ಯಾಟರಿ ಕಳಚಬೇಕು, ನಿಮ್ಮದು ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋ ಎಂಜಿನ್) ಆದರೆ ಇಸಿಯು, ಅಂದರೆ ಆ ಕಂಪ್ಯೂಟರಿನ ಸಾಕೆಟ್ ಕೂಡ ತೆಗೆಯೋದು ಒಳ್ಳೇದು. ಮತ್ತೆ ತುಕ್ಕಿನ ಮೇಲೆ ಪ್ಲೇಟ್ ಅಂಟಿಸಿದರೆ ವೆಲ್ಡಿಂಗ್ ಹಿಡಿಯೋದು ತುಕ್ಕನ್ನು, ಕಬ್ಬಿಣವನ್ನಲ್ಲ.

ಕೆಲಸ ಯಾರಿಗೆ ಕೊಟ್ಟರೂ ಇಷ್ಟು ನೋಡಿಕೊಳ್ಳಿ. ಬಿರುಕಿನ ತುದಿಗೆ ಮೊದಲು 6 ಎಂಎಂ ತೂತು ಹೊಡೆಯಬೇಕು, ಇಲ್ಲದಿದ್ದರೆ ಅದು ಪ್ಲೇಟಿನ ಕೆಳಗೇ ಮುಂದೆ ಓಡುತ್ತೆ. ಆಮೇಲೆ ಬಿರುಕು ತುಂಬಿ, ಸಮ ಉಜ್ಜಿ, ಅದರ ಮೇಲೆ ಪ್ಲೇಟ್. ಪ್ಲೇಟಿನ ಎರಡು ತುದಿ ನೇರ ಕತ್ತರಿಸಬೇಡಿ. ಮೀನಿನ ಬಾಯಿ ತರಹ ಅಥವಾ ಓರೆಯಾಗಿ ಕತ್ತರಿಸಿದ ಕೊಬ್ಬರಿ ಮಿಠಾಯಿ ಆಕಾರ ಮಾಡಿಸಿ. ಚಾಸಿಗೆ ಅಡ್ಡವಾಗಿ ನೇರ ಗೆರೆ ವೆಲ್ಡಿಂಗ್ ಹೊಡೆದರೆ ಮುಂದಿನ ಬಿರುಕು ಆ ಗೆರೆಯಲ್ಲೇ ಬರುತ್ತೆ. ದಪ್ಪ ಇರಲಿ ಅಂತ 6 ಎಂಎಂ ಹಾಕಿಸೋರು ತುಂಬ ಜನ. ಗಟ್ಟಿ ಜಾಗ ಬಾಗಲ್ಲ, ಪಕ್ಕದ ತೆಳು ಜಾಗ ಎಲ್ಲ ಪೆಟ್ಟು ತಿಂದು ಹರಿಯುತ್ತೆ. 3 ಎಂಎಂ ಸಾಕು.

ವೆಲ್ಡಿಂಗ್ ಒಂದೇ ಉಸಿರಿಗೆ ಎಳೆಯಬಾರದು. ಒಂದು ಇಂಚು ಇಲ್ಲಿ, ಒಂದು ಇಂಚು ಅಲ್ಲಿ. ಆರಲು ಬಿಡಬೇಕು. ಇಲ್ಲದಿದ್ದರೆ ಚಾಸಿ ಎಳೆದುಕೊಂಡು ಸೊಟ್ಟ ಆಗುತ್ತೆ.

ಕೆಸರು ಟ್ರ್ಯಾಕ್

ನಾನು ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ಓಡಿಸೋನು, ನನ್ನದೂ ಜಿಪ್ಸಿ. ಮೈಸೂರಿನ 78 ಸಾವಿರದ ಕೆಲಸ ಮೋಸ ಅಲ್ಲ, ಆದರೆ ನಿಮಗೆ ಬೇಕಾದ್ದೂ ಅಲ್ಲ. ಅದು ಹಾರಿಸೋ ಗಾಡಿಗೆ ಮಾಡೋ ಕೆಲಸ. ಚಾಸಿಯ ಜೋಡಣೆ ಉದ್ದಕ್ಕೂ ಒಂದು ಇಂಚು ವೆಲ್ಡಿಂಗ್, ಎರಡು ಇಂಚು ಖಾಲಿ, ಮತ್ತೆ ಒಂದು ಇಂಚು, ಹೀಗೆ ಹೊಲಿಗೆ ಹಾಕಿದ ಹಾಗೆ ಹೋಗ್ತಾರೆ. ಶಾಕ್ ಅಬ್ಸಾರ್ಬರ್ ಕೂರೋ ಜಾಗ, ಸ್ಪ್ರಿಂಗ್ ಬ್ರಾಕೆಟ್ ಎಲ್ಲಕ್ಕೂ ಪ್ಲೇಟ್. ಮಡಚಿದ ತಗಡು, ಕತ್ತರಿಸಿ ಕೂರಿಸೋ ಅಳತೆ, ಅದರಲ್ಲೇ ದಿನಗಳು ಹೋಗುತ್ತವೆ. ನಾನು ಮಾಡಿಸಿದ್ದೆ. ಒಂದು ಸೀಸನ್ ಆದ ಮೇಲೆ ಚಾಸಿ ಕಲ್ಲಿನ ಹಾಗಿತ್ತು, ಬಾಡಿಯನ್ನು ಚಾಸಿಗೆ ಕೂರಿಸೋ ಮೌಂಟ್ ಒಂದು ಹರಿದಿತ್ತು. ಒಂದು ಕಡೆ ಗಟ್ಟಿ ಮಾಡಿದರೆ ಪೆಟ್ಟು ಇನ್ನೊಂದು ಕಡೆ ಹುಡುಕಿಕೊಂಡು ಹೋಗುತ್ತೆ.

ನಿಮ್ಮದು ತುಕ್ಕಿನ ರಿಪೇರಿ. ಕುಶಾಲನಗರದವರ ಹತ್ತಿರ ಕೂತು ಮಾತಾಡಿ. ಒಂದೇ ಮಾತು: ಬಿಚ್ಚುವ ಮುಂಚೆ ನಾಲ್ಕು ಮೂಲೆಯಿಂದ ತೂಗುಗುಂಡು ಬಿಟ್ಟು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿ. ಮೂಲೆಯಿಂದ ಎದುರು ಮೂಲೆಗೆ ಅಡ್ಡ ಅಳತೆ ಬರೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಮತ್ತೆ ಅಳೆಯಿರಿ. ಇದಕ್ಕೆ ಒಪ್ಪದ ಗ್ಯಾರೇಜು ಬೇಡ.

ಹಳೇ ಹುಲಿ ಸೋಮವಾರಪೇಟೆ

ಗಾಡಿ ಮಾರಿಬಿಟ್ಟು ಒಂದು ಪಿಕಪ್ ತಗೊಳ್ಳಿ. ನಿಮ್ಮ ತಂದೆ ಹೇಳೋದರಲ್ಲಿ ತಪ್ಪಿಲ್ಲ.

ಆದರೆ ಮಾರಲ್ಲ ಅಂತ ಗೊತ್ತು, ಹಾಗಾಗಿ ಕಾಗದದ ವಿಷಯ ಹೇಳ್ತೇನೆ. ಕೊಳೆತ ಜಾಗ ರಿಪೇರಿ ಮಾಡಿಸೋದು ಬೇರೆ, ಗಾಡಿಯನ್ನು ಬದಲಾಯಿಸೋದು ಬೇರೆ. ಆರ್‌ಸಿಯಲ್ಲಿ ಇರೋ ವಿವರಕ್ಕೂ ಕಂಪನಿ ಕೊಟ್ಟ ಮೂಲ ವಿವರಕ್ಕೂ ತಾಳೆ ಆಗದ ಹಾಗೆ ಮಾರ್ಪಾಡು ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತೆ. ಯಾರಾದರೂ "ಬೇರೆ ಚಾಸಿನೇ ಹಾಕಿಬಿಡೋಣ, ಗುಜರಿಯಲ್ಲಿ ಸಿಗುತ್ತೆ" ಅಂದರೆ ಆರ್‌ಟಿಓ ಕೇಳದೆ ಕೈ ಹಾಕಬೇಡಿ. ಚಾಸಿ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ತಾಗಬಾರದು, ಪ್ಲೇಟ್ ಮುಚ್ಚಬಾರದು, ದಪ್ಪ ಬಣ್ಣನೂ ಬೇಡ. ಇನ್‌ಸ್ಪೆಕ್ಟರ್ ಮೊದಲು ಹುಡುಕೋದು ಅದನ್ನೇ. ಬಿಚ್ಚಿದಾಗ, ಕತ್ತರಿಸಿದಾಗ, ವೆಲ್ಡಿಂಗ್ ಆದಾಗ ಫೋಟೋ ತೆಗೆದಿಡಿ, ಬಿಲ್ಲು ತಗೊಳ್ಳಿ.

ಮಾದಾಪುರದ ಜಿಪ್ಸಿ

ಒಂದು ತಿಂಗಳಾಯ್ತು, ಕಥೆ ಹೇಳಿ ಮುಗಿಸ್ತೇನೆ.

ಕುಶಾಲನಗರಕ್ಕೇ ಕೊಟ್ಟೆ. ಐದು ದಿನ ಅಂದಿದ್ದು ಹದಿನೈದು ದಿನ ಆಯ್ತು. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆ, ಎರಡು ದಿನ ಕರೆಂಟೇ ಇಲ್ಲ. ಬಂದ ಮೇಲೂ ವೋಲ್ಟೇಜ್ ಕಮ್ಮಿ, "ಈ ಕರೆಂಟಲ್ಲಿ ಹೊಡೆದರೆ ಮೇಲೆ ಮೇಲೆ ಅಂಟುತ್ತೆ, ಒಳಗೆ ಇಳಿಯಲ್ಲ" ಅಂತ ಅವರೇ ಕೆಲಸ ನಿಲ್ಲಿಸಿದರು. ನನಗೆ ಆಗ ಸಿಟ್ಟು ಬಂದಿತ್ತು, ಈಗ ಅದಕ್ಕೇ ಅವರ ಮೇಲೆ ನಂಬಿಕೆ.

ಟ್ಯಾಂಕ್ ಇಳಿಸಿದ ದಿನ ಫೋನ್ ಮಾಡಿ ಕರೆಸಿದರು. ಹೋಗಿ ನೋಡಿದರೆ ಎಡಗಡೆ ಚಾಸಿಯ ಕೆಳಭಾಗ ಗ್ರೈಂಡರ್ ತಾಗಿಸಿದ ಕಡೆಯೆಲ್ಲ ಚಕ್ಕೆ ಚಕ್ಕೆಯಾಗಿ ಬೀಳ್ತಾ ಇತ್ತು. ಟ್ಯಾಂಕ್ ಮೇಲಿದ್ದ ಬ್ರೇಕ್ ಪೈಪು ಕೈಯಲ್ಲಿ ಹಿಡಿದರೆ ಪುಡಿ. ಅದು ಕಾಣದೆ ನಾನು ದಿನಾ ಮಕ್ಕಳನ್ನು ಸ್ಕೂಲಿಗೆ ಬಿಡ್ತಾ ಇದ್ದೆ. ಒಳಗಿಂದ ತೆಗೆದ ಕೆಸರು ಒಂದು ಬಕೆಟ್. ಅದರಲ್ಲಿ ಒಂದು ಕಾಫಿ ಬೀಜ ಮೊಳಕೆ ಬಂದಿತ್ತು ಅಂದರೆ ನಂಬ್ತೀರಾ? ಗ್ಯಾರೇಜಿನ ಹುಡುಗ ಅದನ್ನು ಒಂದು ಆಯಿಲ್ ಡಬ್ಬದಲ್ಲಿ ನೆಟ್ಟಿದ್ದಾನೆ.

ಬಲಗಡೆಯೂ ಒಂದು ಅಂಗೈಯಷ್ಟು ಹೋಗಿತ್ತು. ಹಾಗಾಗಿ 32,000 ಇದ್ದಿದ್ದು 39,000 ಆಯ್ತು. ಬಿಲ್ಲು ಎದುರಿಗಿದೆ. ಬಿಚ್ಚಿ ಕಟ್ಟಿದ್ದಕ್ಕೆ 9,000. ಕತ್ತರಿಸಿ ಉಜ್ಜಿದ್ದಕ್ಕೆ 6,500. ವೆಲ್ಡಿಂಗ್ 14,000. ಬುಷ್, ಬೋಲ್ಟು, ಹೊಸ ಬ್ರೇಕ್ ಪೈಪು ಸೇರಿ 5,200. ಜಿಂಕ್ ಪ್ರೈಮರ್, ಬಣ್ಣ 3,400. ತಗಡಿಗೆ? 900. ಗೋಣಿಕೊಪ್ಪದವರು ಹೇಳಿದ್ದು ಸರಿಯಾಗೇ ಇತ್ತು.

ಕೆಸರು ಟ್ರ್ಯಾಕ್ ಹೇಳಿದ ಹಾಗೆ ತೂಗುಗುಂಡು ಕಟ್ಟಿಸಿದೆ. ಮೇಸ್ತ್ರಿ ಮೊದಲು ನಕ್ಕರು, ಆಮೇಲೆ ತಾವೇ ದಾರ ಹಿಡಿದುಕೊಂಡು ಕೂತರು. ಮುಂಚೆಗೂ ಆಮೇಲೆಗೂ ಬರೀ 3 ಎಂಎಂ ವ್ಯತ್ಯಾಸ. ಪ್ಲೇಟ್ ತುದಿ ಕೊಬ್ಬರಿ ಮಿಠಾಯಿನೇ.

ಮೊನ್ನೆ ಚರಂಡಿ ದಾಟಿಸಿದೆ. 'ಟಕ್' ಇಲ್ಲ. ಹಿಂದಿನ ಬಾಗಿಲು ಮೊದಲು ಒದ್ದು ಹಾಕಬೇಕಿತ್ತು, ಈಗ ಎರಡು ಬೆರಳಲ್ಲಿ ಮುಚ್ಚುತ್ತೆ. ಅಪ್ಪ ಬಂದು ಸುತ್ತ ಒಂದು ಸಲ ನೋಡಿ, "ಬರೀ ಕೆಳಗೆ ಬಣ್ಣ ಹೊಡೆಸೋಕೆ ಇಷ್ಟು ದುಡ್ಡಾ?" ಅಂದರು.

ಮೈಲುತುತ್ತದ ಡ್ರಮ್ಮು ಇನ್ನು ಗಾಡಿ ಹತ್ತಲ್ಲ. ತೋಟದಲ್ಲೇ ಕರಗಿಸ್ತೀವಿ. ಒಳಗಡೆಗೆ ಸುಟ್ಟ ಆಯಿಲ್ ಹೊಯ್ಯಿ ಅಂತ ನಾಲ್ಕು ಜನ ಹೇಳಿದರು, ಆದರೆ ಅದು ಸೋರಿ ಹೊಸ ರಬ್ಬರ್ ಬುಷ್ ಊದಿಸುತ್ತೆ ಅಂತ ಮೇಸ್ತ್ರಿ ಬೇಡ ಅಂದರು. ತುಕ್ಕು ತಡೆಯೋ ವ್ಯಾಕ್ಸ್ ಹೊಡೆಯಬೇಕಂತೆ. ಡಬ್ಬ ತಂದಿದ್ದೇನೆ, ಚಾಸಿ ಒಳಗೆ ಹೋಗೋ ಉದ್ದದ ನಳಿಕೆ ಇಲ್ಲ. ಸುಂಟಿಕೊಪ್ಪ, ಮಡಿಕೇರಿ ಕಡೆ ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಕೊಡಿ. ವಾಪಸ್ ಕೊಡುವಾಗ ಅರ್ಧ ಕೆಜಿ ಕರಿಮೆಣಸು ನನ್ನ ಕಡೆಯಿಂದ.