ಅಜ್ಜಿಯ ಸೋದರಿಯ ಆಸ್ತಿ: ಒಂದು ಫಾರ್ವರ್ಡ್ ಮೇಲೆ ನಡೆದ ಚರ್ಚೆ

ಶ್ರೀಧರ ದೊಡ್ಡಪ್ಪ (ಫಾರ್ವರ್ಡ್ ಆದ ಸಂದೇಶ): ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಹೆಣ್ಣಿನ ಬದುಕನ್ನು ಬರೆದರು. ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಮೊದಲಾದ ಪತ್ತೇದಾರಿ ಲೇಖಕಿಯರು ಆ ಬದುಕಿಗೆ ಬೆನ್ನು ಹಾಕಿ, ಹೆಣ ಮತ್ತು ಸುಳಿವುಗಳ ಆಟಕ್ಕೆ ಇಳಿದರು.

ಶ್ರೀಧರ ದೊಡ್ಡಪ್ಪ: ಬರಹ ಚಿಕ್ಕದಾದರೂ ವಿಚಾರ ಸರಿಯಾಗಿದೆ ಎಂದು ತೋರಿತು. ಮಕ್ಕಳು ಓದಲಿ ಎಂದು ಹಾಕಿದ್ದೇನೆ.

ಮಾಲಿನಿ: ದೊಡ್ಡಪ್ಪ, ಕ್ರಿಸ್ಟಿಯವರ ವಿಷಯ ಹಾಗಿರಲಿ, ಸೇಯರ್ಸ್ ಅವರ ಬಗ್ಗೆ ಈ ಮಾತನ್ನು ನಾನು ಒಪ್ಪಲಾರೆ. ವುಲ್ಫ್ 1928ರ ಅಕ್ಟೋಬರಿನಲ್ಲಿ ಕೇಂಬ್ರಿಡ್ಜಿನ ಎರಡು ಮಹಿಳಾ ಕಾಲೇಜುಗಳಲ್ಲಿ ಮಾಡಿದ ಭಾಷಣಗಳೇ ಮುಂದಿನ ವರ್ಷ 'ಎ ರೂಮ್ ಆಫ್ ಒನ್ಸ್ ಓನ್' ಆಗಿ ಬಂದವು ಎಂಬುದು ನಿಮಗೆ ತಿಳಿದೇ ಇದೆ. ಬರೆಯುವ ಹೆಣ್ಣಿಗೆ ಸ್ವಂತ ಕೋಣೆಯೂ ವರ್ಷಕ್ಕೆ 500 ಪೌಂಡ್ ಆದಾಯವೂ ಬೇಕು ಎನ್ನುವ ಆ ಪುಸ್ತಕದ ನಿರೂಪಕಿಗೆ ಅಷ್ಟು ಹಣ ಬಂದದ್ದು ಎಲ್ಲಿಂದ? ಬೊಂಬಾಯಿಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ ಸೋದರತ್ತೆಯ ಆಸ್ತಿಯಿಂದ. ಅದಕ್ಕೂ ಮೊದಲೇ, 1927ರಲ್ಲಿ, ಸೇಯರ್ಸ್ 'ಅನ್‌ನ್ಯಾಚುರಲ್ ಡೆತ್' ಬರೆದಿದ್ದರು. ಕೊಲೆ ಮಾಡಿದವರು ಯಾರೆಂಬ ಅನುಮಾನ ಅದರಲ್ಲಿ ಆರಂಭದಿಂದಲೇ ಇರುವುದರಿಂದ ಹೇಳಿದರೆ ತಪ್ಪಾಗದು. ಹಾಸಿಗೆ ಹಿಡಿದ ಮುದುಕಿಯೊಬ್ಬಳು ಉಯಿಲು ಬರೆಯಲು ಒಪ್ಪುವುದಿಲ್ಲ. 1926ರ ಜನವರಿ 1ರಿಂದ ಹೊಸ ವಾರಸು ಕಾನೂನು ಜಾರಿಗೆ ಬರಲಿದೆ, ಅದರಡಿ ಸೋದರಿಯ ಮೊಮ್ಮಗಳಿಗೆ ಪಾಲು ಸಿಗುತ್ತದೆಯೋ ಇಲ್ಲವೋ ಎಂಬ ಸಂದೇಹವಿದೆ. ಆ ಮೊಮ್ಮಗಳು ತರಬೇತಾದ ನರ್ಸ್. ಹೊಸ ವರ್ಷಕ್ಕೆ ಮೊದಲೇ ಮುದುಕಿ ಸಾಯುತ್ತಾಳೆ. ಒಬ್ಬರು ಸ್ವಾತಂತ್ರ್ಯದ ಮೂಲವೆಂದು ಕಂಡ ಹಣವನ್ನು ಇನ್ನೊಬ್ಬರು ಕೊಲೆಯ ಕಾರಣವೆಂದು ಕಂಡರು. ಇದು ಬದುಕಿಗೆ ಬೆನ್ನು ಹಾಕುವುದು ಹೇಗಾಗುತ್ತದೆ?

ಸುಮಿತ್ರಾ ಅತ್ತೆ: ಮದುವೆಯಾಗದ ಹೆಂಗಸಿಗೆ ದುಡಿದು ಬದುಕುವ ದಾರಿ ಆಗ ಇರಲಿಲ್ಲವೇ ಮಾಲಿನಿ?

ಮಾಲಿನಿ: ಇತ್ತು ಅತ್ತೆ, ಆದರೆ ಬಹಳ ಇಕ್ಕಟ್ಟಿನದು. ಮೊದಲ ಮಹಾಯುದ್ಧದ ನಂತರ, ಇಂಗ್ಲೆಂಡ್ ಮತ್ತು ವೇಲ್ಸ್‌ನ 1921ರ ಜನಗಣತಿಯಲ್ಲಿ, ಗಂಡಸರಿಗಿಂತ ಹೆಂಗಸರು ಸುಮಾರು 17 ಲಕ್ಷ ಹೆಚ್ಚಿದ್ದಾರೆಂದು ತಿಳಿದಾಗ ಪತ್ರಿಕೆಗಳು ಅವರನ್ನು ಹೆಚ್ಚುವರಿ ಹೆಂಗಸರೆಂದೇ ಕರೆದವು. ಇನ್ನು ಮದುವೆಯಾದರೆ ಸರ್ಕಾರಿ ನೌಕರಿ ಬಿಡಬೇಕೆಂಬ ನಿಯಮ ಅಲ್ಲಿನ ಸಿವಿಲ್ ಸರ್ವಿಸ್‌ನಲ್ಲಿ 1946ರವರೆಗೂ ಇತ್ತು. ಸೇಯರ್ಸ್ ಇದೇ ಕಾದಂಬರಿಯಲ್ಲಿ ಮಿಸ್ ಕ್ಲಿಂಪ್ಸನ್ ಎಂಬ ಮಧ್ಯವಯಸ್ಸಿನ ಅವಿವಾಹಿತೆಯನ್ನು ತಂದು, ಅವಳ ಮಾತುಗಾರಿಕೆಯನ್ನೂ ಕುತೂಹಲವನ್ನೂ ಸಂಬಳ ಬರುವ ಕೆಲಸವಾಗಿಸಿದರು. ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಊರಿಂದ ಊರಿಗೆ ವಿಚಾರಣೆಗೆ ಕಳಿಸುವುದು ಅವಳನ್ನೇ. ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು 1930ರ 'ಸ್ಟ್ರಾಂಗ್ ಪಾಯ್ಸನ್'. ಮದುವೆಯಾಗದೆ ಜೊತೆಗಿದ್ದ ಗಂಡಸಿಗೆ ವಿಷವಿಕ್ಕಿದಳೆಂಬ ಆರೋಪದ ಮೇಲೆ ಹ್ಯಾರಿಯೆಟ್ ವೇನ್ ಕಟಕಟೆಯಲ್ಲಿ ನಿಂತಿದ್ದಾಳೆ. ಅವಳ ನಡತೆಯನ್ನೇ ಅಪರಾಧಕ್ಕೆ ಸಾಕ್ಷಿಯೆಂದು ನಂಬಲು ನ್ಯಾಯಾಲಯ ಸಿದ್ಧವಾಗಿದೆ. ಜ್ಯೂರಿಯಲ್ಲಿ, ಅಂದರೆ ಅಪರಾಧಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ಮಂಡಳಿಯಲ್ಲಿ, ಕುಳಿತ ಮಿಸ್ ಕ್ಲಿಂಪ್ಸನ್, ಸ್ವತಃ ಕಟ್ಟಾ ಸಂಪ್ರದಾಯಸ್ಥೆ, ಚರ್ಚು ಬಿಡದವಳು, ಅಪರಾಧಿಯೆಂದು ಹೇಳಲು ಒಪ್ಪದೆ ಪಟ್ಟು ಹಿಡಿಯುತ್ತಾಳೆ. ಜ್ಯೂರಿ ಆಗ ಒಮ್ಮತದಿಂದಲೇ ತೀರ್ಪು ಹೇಳಬೇಕಾಗಿದ್ದುದರಿಂದ ಹ್ಯಾರಿಯೆಟ್‌ಳ ತಲೆ ಉಳಿಯುತ್ತದೆ. ಹೆಂಗಸರು ಜ್ಯೂರಿಯಲ್ಲಿ ಕೂರಬಹುದೆಂದು ಕಾನೂನಾದದ್ದು 1919ರಲ್ಲಿ. ಹತ್ತೇ ವರ್ಷದ ಹಿಂದಿನ ಆ ಕಾನೂನಿನ ಮೇಲೆ ಇಡೀ ಕಥೆ ನಿಂತಿದೆ, ದೊಡ್ಡಪ್ಪ.

ಪ್ರಸನ್ನ ಭಾವ: ಮಾಲಿನಿ, ನೀನು ಹೇಳದೆ ಬಿಟ್ಟದ್ದನ್ನು ನಾನು ಹೇಳಬೇಕು. ಈ ಕಾದಂಬರಿಗಳಲ್ಲಿ ಯಹೂದಿಗಳ ಬಗ್ಗೆ ತಾತ್ಸಾರದ ಮಾತುಗಳಿವೆ. ಅದಕ್ಕಿಂತ ಮುಖ್ಯವಾಗಿ, ಮಹಿಳಾ ಕಾಲೇಜಿನಲ್ಲಿ ನಡೆಯುವ 'ಗಾಡಿ ನೈಟ್' ಕಾದಂಬರಿಯಲ್ಲಿ ವಿಷ ಕಾರುವ ಅನಾಮಧೇಯ ಪತ್ರಗಳನ್ನು ಬರೆಯುವವಳು ಯಾರು? ಕೋಣೆ ಗುಡಿಸುವ ಕೆಲಸದವಳು. ವಿದುಷಿಯರೆಲ್ಲ ನಿರ್ದೋಷಿಗಳು, ಬಡವಿ ಮಾತ್ರ ಅಪರಾಧಿ. ವಿಮರ್ಶಕಿ ಕ್ವೀನಿ ಲೀವಿಸ್ 1937ರಲ್ಲಿ 'ಸ್ಕ್ರೂಟಿನಿ' ಪತ್ರಿಕೆಯಲ್ಲಿ ಈ ಪುಸ್ತಕವನ್ನು ಕಟುವಾಗಿ ಟೀಕಿಸಿದ್ದು ಸುಮ್ಮನೆ ಅಲ್ಲ. ವಿದ್ವತ್ತಿನ ಜಗತ್ತನ್ನು ಇದ್ದದ್ದಕ್ಕಿಂತ ಸುಂದರವಾಗಿ ತೋರಿಸಿದ್ದಾರೆ ಎಂಬ ಅವರ ದೂರಿನಲ್ಲಿ ಹುರುಳಿದೆ.

ಮಾಲಿನಿ: ತಾತ್ಸಾರದ ಮಾತುಗಳಿಗೆ ನಾನು ಸಮರ್ಥನೆ ಕೊಡುವುದಿಲ್ಲ ಭಾವ, ಅವು ಓದುವಾಗ ಇಂದಿಗೂ ಚುಚ್ಚುತ್ತವೆ. ಆದರೆ ಆ ಕೆಲಸದವಳ ಕೋಪವನ್ನು ಸೇಯರ್ಸ್ ಹಗುರವಾಗಿ ತೆಗೆದುಕೊಂಡಿಲ್ಲ. ಅವಳ ಗಂಡ ಇತಿಹಾಸಕಾರ. ತನ್ನ ವಾದಕ್ಕೆ ಅಡ್ಡಬಂದ ದಾಖಲೆಯೊಂದನ್ನು ಆತ ಮುಚ್ಚಿಟ್ಟದ್ದನ್ನು ವಿದುಷಿಯೊಬ್ಬಳು ಬಯಲಿಗೆಳೆದ ಮೇಲೆ ಕೆಲಸ ಹೋಯಿತು, ಆತ ಪ್ರಾಣ ಕಳೆದುಕೊಂಡ, ಹೆಂಡತಿ ಮಕ್ಕಳನ್ನು ಸಾಕಲು ಪೊರಕೆ ಹಿಡಿದಳು. ಕೊನೆಗೆ ಅವಳು ಎಲ್ಲರೆದುರು ನಿಂತು, ಒಂದು ಹಳೆಯ ಕಾಗದಕ್ಕಾಗಿ ನನ್ನ ಸಂಸಾರ ಮುರಿದಿರಿ ಎಂಬರ್ಥದಲ್ಲಿ ಆಡುವ ಮಾತಿಗೆ ಆ ವಿದುಷಿ ತತ್ತರಿಸುತ್ತಾಳೆ. ಸತ್ಯ ಹೇಳಿದ್ದು ತಪ್ಪಲ್ಲ, ಆದರೆ ಆಮೇಲೆ ಆ ಕುಟುಂಬ ಏನಾಯಿತೆಂದು ವಿಚಾರಿಸದೆ ಇದ್ದದ್ದು ತಪ್ಪು ಎಂದು ಅವಳಿಗೆ ಅನ್ನಿಸುತ್ತದೆ. ಈ ಕಾದಂಬರಿಯಲ್ಲಿ ಕೊಲೆಯೇ ನಡೆಯುವುದಿಲ್ಲ ಎಂಬುದನ್ನೂ ಗಮನಿಸಿ. ಇದನ್ನು ಬರೆದವರು ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲಿ 1915ಕ್ಕೇ ಓದು ಮುಗಿಸಿಯೂ, ಹೆಂಗಸರಿಗೆ ಪದವಿ ಕೊಡಲು ವಿಶ್ವವಿದ್ಯಾಲಯ ಒಪ್ಪುವ 1920ರವರೆಗೆ ಕಾದವರು. ಆ ಕಾಲೇಜಿನ ಮೇಲೆ ಅವರಿಗಿದ್ದ ಪ್ರೀತಿ ಅತಿಯಾಗಿ ಕಂಡರೆ ಕಾಣಲಿ.

ಶ್ರೀಧರ ದೊಡ್ಡಪ್ಪ: ಇಷ್ಟು ದೀರ್ಘವಾಗಿ ಬರೆದೆಯಲ್ಲ, ಸಂತೋಷ. ಆದರೂ ಒಂದು ಮಾತು. ವುಲ್ಫ್ ಕಾದಂಬರಿಯ ಗದ್ಯವನ್ನೇ ಬದಲಿಸಿದರು, ಸೇಯರ್ಸ್ ಇದ್ದ ಚೌಕಟ್ಟಿನೊಳಗೇ ಬರೆದರು. ಆ ಅಂತರ ಎಲ್ಲಿ ಹೋಯಿತು?

ಮಾಲಿನಿ: ಎಲ್ಲಿಯೂ ಹೋಗಿಲ್ಲ ದೊಡ್ಡಪ್ಪ, ಗದ್ಯದಲ್ಲಿ ವುಲ್ಫ್ ಅವರೇ ದೊಡ್ಡವರು. ನನ್ನ ತಕರಾರು ಆ ಬೆನ್ನು ಹಾಕಿದರು ಎಂಬ ಮಾತಿಗೆ ಮಾತ್ರ. ಹ್ಯಾರಿಯೆಟ್ ವೇನ್ ಯಾವ ಅತ್ತೆಯ ಆಸ್ತಿಗೂ ಕಾಯದೆ ಪತ್ತೇದಾರಿ ಕಾದಂಬರಿ ಬರೆದೇ ಹೊಟ್ಟೆ ಹೊರೆಯುತ್ತಾಳೆ. ಪ್ರಾಣ ಉಳಿಸಿದವನೆಂಬ ಋಣಕ್ಕೆ ವಿಮ್ಸಿಯನ್ನು ಮದುವೆಯಾಗಲು ನಿರಾಕರಿಸಿ, ಅವನಿಗೆ ಸಮನಾಗಿ ನಿಲ್ಲಬಲ್ಲೆನೆಂದು ಅನ್ನಿಸಿದ ಮೇಲಷ್ಟೇ ಒಪ್ಪುತ್ತಾಳೆ. ಅಲ್ಲಿಗೆ ಬರಲು ಅವಳಿಗೆ ಮೂರು ಕಾದಂಬರಿಗಳು ಬೇಕಾದವು.

ಸುಮಿತ್ರಾ ಅತ್ತೆ: ನಾನು ಯಾವುದರಿಂದ ಆರಂಭಿಸಲಿ?

ಮಾಲಿನಿ: 'ಸ್ಟ್ರಾಂಗ್ ಪಾಯ್ಸನ್' ಓದಿ ಅತ್ತೆ, ಅದಾದ ಮೇಲೆ 'ಹ್ಯಾವ್ ಹಿಸ್ ಕಾರ್ಕೇಸ್', ಕೊನೆಗೆ 'ಗಾಡಿ ನೈಟ್'. ಕ್ರಮ ತಪ್ಪಿದರೆ ಹ್ಯಾರಿಯೆಟ್‌ಳ ಹಟ ಅರ್ಥವಾಗುವುದಿಲ್ಲ.

ಶ್ರೀಧರ ದೊಡ್ಡಪ್ಪ: ನನಗೆ ಮೊದಲು ಆ ವಾರಸು ಕಾನೂನಿನ ಕಾದಂಬರಿಯನ್ನು ಕಳಿಸು. ಓದಿದ ಮೇಲೆ ಉತ್ತರ ಬರೆಯುತ್ತೇನೆ.