ಎಸಿ ಕೀಮೋ ನಡೆಯುವಾಗ ಮನೆಯಲ್ಲಿ ದಿನ ನಡೆಸುವುದು ಹೇಗೆ?

ಹಾಸನದ ಸೊಸೆ
ಅತ್ತೆಗೆ 58 ವರ್ಷ, ಶುಗರ್ ಇದೆ. ಸ್ತನ ಕ್ಯಾನ್ಸರಿಗೆ ಎಡಗಡೆ ಆಪರೇಷನ್ ಆಗಿ, ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಈಗ ಎಸಿ ಕೀಮೋ (ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್ ಎರಡೂ ಸೇರಿಸಿ ಕೊಡುವುದು) ಶುರು. 21 ದಿನಕ್ಕೊಂದರಂತೆ 4, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಔಷಧಿ, ವಾರಕ್ಕೊಂದರಂತೆ 12. ಬೆಂಗಳೂರಲ್ಲಿ ಹಾಕಿಸಿಕೊಂಡು ಅದೇ ದಿನ ಊರಿಗೆ ವಾಪಸ್. ಚೀಟಿಯಲ್ಲಿ ಮಾತ್ರೆ ಬರೆದಿದೆ, ಮನೆಯಲ್ಲಿ ಹೇಗಿರಬೇಕು ಅಂತ ಬರೆದಿಲ್ಲ. ಒಗ್ಗರಣೆ ವಾಸನೆಗೇ ವಾಕರಿಕೆ. ಮನೆಯಲ್ಲಿ ಒಂದೂವರೆ ವರ್ಷದ ಮಗು, ಕೊಟ್ಟಿಗೆಯಲ್ಲಿ ಎರಡು ಹಸು. ಏನು ಮಾಡಬಹುದು, ಏನು ಕೂಡದು? ‘ಧೈರ್ಯವಾಗಿರಿ’ ಅನ್ನುವವರು ಬೇಕಾದಷ್ಟು ಜನ ಇದ್ದಾರೆ, ಕೆಲಸಕ್ಕೆ ಬರುವುದು ಹೇಳಿ.

ಡೇಕೇರ್ ಸಿಸ್ಟರ್
ಗೋಡೆ ಕ್ಯಾಲೆಂಡರಿನಲ್ಲಿ ಕೀಮೋ ಹಾಕಿದ ದಿನಕ್ಕೆ 1 ಅಂತ ಬರೆದು 21ರ ತನಕ ಅಂಕಿ ಹಾಕಿ. ಇಪ್ಪತ್ತೊಂದು ದಿನವೂ ಒಂದೇ ಥರ ಕಟ್ಟುನಿಟ್ಟು ಮಾಡಲು ಹೋದರೆ ರೋಗಿಗಿಂತ ಮೊದಲು ಮನೆಯವರು ಸುಸ್ತಾಗುತ್ತಾರೆ.

1–2ನೇ ದಿನ: ಮೂತ್ರ ಕೆಂಪಗೆ ಹೋಗುತ್ತದೆ. ಅದು ಡಾಕ್ಸೊರುಬಿಸಿನ್ ಔಷಧಿಯ ಬಣ್ಣ, ರಕ್ತವಲ್ಲ. ಮೂರನೇ ದಿನದ ಮೇಲೂ ಕೆಂಪಿದ್ದರೆ ಅಥವಾ ಉರಿ ಇದ್ದರೆ ಫೋನ್ ಮಾಡಿ. ಜೊತೆಗೆ ಕೊಡುವ ಸೈಕ್ಲೊಫಾಸ್ಫಮೈಡ್ ಮೂತ್ರಕೋಶದ ಒಳಪದರವನ್ನು ಕೆರಳಿಸುತ್ತದೆ. ಅದಕ್ಕೇ ದಿನಕ್ಕೆ 2ರಿಂದ 2.5 ಲೀಟರ್ ನೀರು (ಹೃದಯ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರು ಹೇಳಿದಷ್ಟು). ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು, ರಾತ್ರಿ ಒಮ್ಮೆಯಾದರೂ ಎಬ್ಬಿಸಿ.

ಮೊದಲ 48 ಗಂಟೆ ಮಲ, ಮೂತ್ರ, ವಾಂತಿಯಲ್ಲಿ ಔಷಧಿ ಇರುತ್ತದೆ. ಕಕ್ಕಸಿಗೆ ಎರಡು ಸಲ ನೀರು ಬಿಡಿ, ಚೊಂಬಿನಿಂದಲ್ಲ, ಬಕೆಟಿನಿಂದ. ಒರೆಸುವವರು ಗ್ಲೌಸ್ ಹಾಕಿಕೊಳ್ಳಲಿ, ಕೊಳೆಯಾದ ಬಟ್ಟೆ ಬೇರೆಯಾಗಿ ಒಗೆಯಿರಿ. ಬಸುರಿಯರು, ಹಾಲೂಡಿಸುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಮಗುವನ್ನು ಎತ್ತಿಕೊಳ್ಳುವುದಕ್ಕೆ, ಒಂದೇ ಹಾಸಿಗೆಯಲ್ಲಿ ಮಲಗುವುದಕ್ಕೆ ಏನೂ ಅಡ್ಡಿಯಿಲ್ಲ. ತಟ್ಟೆ ಲೋಟ ಬೇರೆ ಇಡುವವರನ್ನು ಕಂಡರೆ ಸಿಟ್ಟು ಬರುತ್ತದೆ, ಕ್ಯಾನ್ಸರ್ ಅಂಟುರೋಗವಲ್ಲ.

ವಾಂತಿ ಮಾತ್ರೆಯನ್ನು ವಾಕರಿಕೆ ಬಂದ ಮೇಲೆ ಕೊಡಬೇಡಿ, ಬರೆದ ಹೊತ್ತಿಗೆ ಕೊಡಿ, ಊಟಕ್ಕೆ ಅರ್ಧ ಗಂಟೆ ಮೊದಲು. ಒಂಡಾನ್ಸೆಟ್ರಾನ್ ಅನ್ನುವ ವಾಂತಿ ಮಾತ್ರೆ ಮಲ ಕಟ್ಟಿಸುತ್ತದೆ. ಎರಡು ದಿನ ಹೋಗದಿದ್ದರೆ ಮಲ ಸಡಿಲಿಸುವ ಸಿರಪ್ ಕೇಳಿ ತನ್ನಿ. ಎನಿಮಾ, ಗುದದ್ವಾರದ ಮಾತ್ರೆ ಬೇಡವೇ ಬೇಡ, ಗೀರಿದರೆ ಸೋಂಕು. ಡೆಕ್ಸಾಮೆಥಸೋನ್ (ಸ್ಟೀರಾಯ್ಡ್ ಮಾತ್ರೆ) ಇದ್ದರೆ ಬೆಳಗಿನ ತಿಂಡಿ ಆದ ಮೇಲೆ ಕೊಡಿ, ಸಂಜೆ ಕೊಟ್ಟರೆ ರಾತ್ರಿಯಿಡೀ ನಿದ್ದೆ ಇರುವುದಿಲ್ಲ. ಅದು ಶುಗರ್ ಏರಿಸುತ್ತದೆ, ಅದೂ ಮಧ್ಯಾಹ್ನದ ಮೇಲೆ. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ನೋಡಿ ಸಮಾಧಾನಪಡಬೇಡಿ. ಆ ದಿನಗಳಲ್ಲಿ ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ, ರಾತ್ರಿ ಊಟಕ್ಕೆ ಮೊದಲು ಚೆಕ್ ಮಾಡಿ ಬರೆದಿಡಿ.

7ರಿಂದ 14: ಬಿಳಿ ರಕ್ತಕಣ ತಳ ಮುಟ್ಟುವ ದಿನಗಳು. ಜಾಗ್ರತೆಯೆಲ್ಲ ಇಲ್ಲಿಗೆ ಉಳಿಸಿಕೊಳ್ಳಿ. ಡಿಜಿಟಲ್ ಥರ್ಮಾಮೀಟರ್ ಕಡ್ಡಾಯ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ನಡುಕ ಬಂತೋ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ. ಮೊದಲು ಡೋಲೋ ನುಂಗಿಸಿ ಬೆಳಗಾಗಲಿ ಅಂತ ಕಾಯುವುದೇ ಎಲ್ಲರೂ ಮಾಡುವ ತಪ್ಪು. ಜ್ವರ ಇಳಿಯುತ್ತದೆ, ಸೋಂಕು ಒಳಗೇ ಏರುತ್ತದೆ. ಬೆಂಗಳೂರಿಗೇ ಓಡಬೇಕಿಲ್ಲ. ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ ಫೈಲು ತೋರಿಸಿ, ‘ಕೀಮೋ ಆಗಿ ಇವತ್ತಿಗೆ ಹತ್ತನೇ ದಿನ, ಜ್ವರ’ ಅನ್ನಿ. ಸಿಬಿಸಿಗೆ (ರಕ್ತಕಣ ಎಣಿಸುವ ಪರೀಕ್ಷೆ) ರಕ್ತ ತೆಗೆದು ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ನರಕ್ಕೆ ಹೋಗಬೇಕು.

15ರ ಮೇಲೆ ಉಸಿರಾಡಿ. ದೇವಸ್ಥಾನ, ನೆಂಟರ ಮನೆ, ಇಷ್ಟದ ಊಟ ಎಲ್ಲ ಆ ವಾರಕ್ಕೆ.

ಪಥ್ಯದಡುಗೆ
ಒಗ್ಗರಣೆ ವಿಷಯ: ಮೊದಲ ನಾಲ್ಕೈದು ದಿನ ಅವರು ಮಲಗುವ ಕೋಣೆಯ ಬಾಗಿಲು ಹಾಕಿ, ಅವರು ಹೊರಗೆ ಜಗಲಿಯಲ್ಲಿ ಇರುವಾಗ ಅಡುಗೆ ಮುಗಿಸಿ. ಬಿಸಿ ಊಟದ ಘಮ ಹೆಚ್ಚು, ಅದಕ್ಕೆ ಮಾಡಿದ ಕೂಡಲೇ ಆರಿಸಿ ಬಡಿಸಿ. ಹಾಗಂತ ಗಂಟೆಗಟ್ಟಲೆ ಹೊರಗಿಡಬೇಡಿ. ಇಡ್ಲಿ, ಮೆತ್ತಗಿನ ಅನ್ನಕ್ಕೆ ಮನೆಯ ಮೊಸರು, ರಾಗಿ ಗಂಜಿ, ಹೆಸರುಬೇಳೆ ತೊವ್ವೆ ಸಾಮಾನ್ಯವಾಗಿ ಒಳಗೆ ನಿಲ್ಲುತ್ತವೆ. ಮೂರು ಹೊತ್ತಿನ ಊಟ ಮರೆತುಬಿಡಿ, ಎರಡು ಗಂಟೆಗೊಮ್ಮೆ ಅರ್ಧ ಬಟ್ಟಲು. ನೀರು ಊಟದ ಜೊತೆ ಬೇಡ, ಹೊಟ್ಟೆ ಬೇಗ ತುಂಬಿಬಿಡುತ್ತದೆ.

ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ಅಂದರೆ ಸ್ಟೀಲ್ ತಟ್ಟೆ ಬಿಟ್ಟು ಬಾಳೆಲೆ, ಗಾಜಿನ ಲೋಟ. ಹುಣ್ಣಿಲ್ಲದಿದ್ದರೆ ನಿಂಬೆರಸ ಹಿಂಡಿ.

ಪ್ರೋಟೀನು ಮರೆಯಬೇಡಿ, ತಿನ್ನುವವರಾದರೆ ಮೊಟ್ಟೆ ದಿನಕ್ಕೆರಡು, ಹಳದಿ ಪೂರ್ತಿ ಗಟ್ಟಿಯಾಗುವ ಹಾಗೆ ಬೇಯಿಸಿ. 7–14ರ ನಡುವೆ ಕೋಸಂಬರಿ, ಬೆಳಿಗ್ಗೆ ಅರೆದು ಸಂಜೆವರೆಗೆ ಇಟ್ಟ ಕಾಯಿಚಟ್ನಿ, ಹೊರಗೆ ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು ಬೇಡ. ಮನೆ ಹಸುವಿನ ಹಾಲು ಅಂತ ಹಸಿಯಾಗಿ ಕುಡಿಸುವವರಿದ್ದಾರೆ; ಉಕ್ಕಿ ಬರುವ ಹಾಗೆ ಕಾಯಿಸಿಯೇ ಕೊಡಿ. ಬಾಳೆಹಣ್ಣು, ಕಿತ್ತಳೆಯಂಥ ದಪ್ಪ ಸಿಪ್ಪೆಯ ಹಣ್ಣು ತೊಳೆದು ಆಗಲೇ ಸುಲಿದು ಕೊಟ್ಟರೆ ತೊಂದರೆಯಿಲ್ಲ.

ಮಲೆನಾಡಿಗ
ಇದೆಲ್ಲದರ ಜೊತೆ ದಿನಾ ಅಮೃತಬಳ್ಳಿ ಕಷಾಯ, ಪಪ್ಪಾಯಿ ಎಲೆ ರಸ ಕೊಡಿ. ರಕ್ತಕಣ ಏರುತ್ತದೆ. ನಾಟಿ ಔಷಧಿ, ಸೈಡ್ ಎಫೆಕ್ಟ್ ಇಲ್ಲ.

ಡೇಕೇರ್ ಸಿಸ್ಟರ್
ದಯವಿಟ್ಟು ಬೇಡ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಡಾಕ್ಸೊರುಬಿಸಿನ್ ಹೊರಗೆ ಹೋಗುವುದೂ ಲಿವರ್ ಮೂಲಕವೇ. ಲಿವರ್ ಪರೀಕ್ಷೆ ಏರಿತು ಅಂದರೆ ಮುಂದಿನ ಡೋಸು ತಡ, ಇಲ್ಲವೇ ಕಡಿಮೆ. ಹಸಿ ಎಲೆ ರಸ ಅಂದರೆ ಬೇಯದ ಮಣ್ಣಿನ ಕ್ರಿಮಿ. ಸಾರಿಗೆ ಹಾಕುವ ಅರಿಶಿನ ಸರಿ, ಅರಿಶಿನದ ಕ್ಯಾಪ್ಸೂಲ್ ಬೇಡ.

ಹಸುವಿನ ಬಗ್ಗೆ: ಸಗಣಿ ಬಾಚುವುದು, ಗೊಬ್ಬರ ಕೆದಕುವುದು, ಹಳೆಯ ಹುಲ್ಲಿನ ದೂಳು ಕೀಮೋ ಮುಗಿಯುವ ತನಕ ಬೇಡ, ಅದರಲ್ಲಿ ಶಿಲೀಂಧ್ರ ಇರುತ್ತದೆ. ದೂರದಿಂದ ಮಾತಾಡಿಸಲಿ! ಮಗುವಿಗೆ ನೆಗಡಿ ಜ್ವರ ಬಂದರೆ ಅಷ್ಟು ದಿನ ದೂರ. ಲಸಿಕೆ ತಪ್ಪಿಸಬೇಡಿ. ಆದರೆ ಪೋಲಿಯೋ ಹನಿ ಹಾಕಿದ ಮೇಲೆ ಕೆಲವು ವಾರ ವೈರಾಣು ಮಲದಲ್ಲಿ ಹೋಗುತ್ತದೆ. ಮುಂಚೆಯೇ ಡಾಕ್ಟರಿಗೆ ತಿಳಿಸಿ, ಮಗುವಿನ ಕಕ್ಕ ಅತ್ತೆ ತೊಳೆಯಬಾರದು.

ರೈಲು ಪಾಸು
ಓಡಾಟದ ಬಗ್ಗೆ ನಾಲ್ಕು ಮಾತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್, ಮೂರನೇ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೊಬ್ಬರಿಗೆ 75 ಪರ್ಸೆಂಟ್. (ಈ ಎಸಿ ಬೇರೆ, ಆ ಎಸಿ ಬೇರೆ.) ಆಸ್ಪತ್ರೆಯಲ್ಲಿ ಫಾರಂಗೆ ಸಹಿ, ಸೀಲು ಹಾಕಿಸಿ ಸ್ಟೇಷನ್ ಕೌಂಟರಿನಲ್ಲೇ ಕೊಡಬೇಕು. ಕೀಮೋ ಮರುದಿನದ, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಊರಿಗೆ ಒಯ್ಯುವುದಾದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿರಬೇಕು. ಐಸಿಗೆ ನೇರ ತಾಗಿದರೆ ಹೆಪ್ಪುಗಟ್ಟಿ ಹಾಳು, ಬಟ್ಟೆ ಸುತ್ತಿ ಫ್ಲಾಸ್ಕಿನಲ್ಲಿಡಿ. ಅದನ್ನು ಹಾಕಿಸುವುದು ಕೀಮೋ ಮುಗಿದು 24 ಗಂಟೆ ಕಳೆದ ಮೇಲೇ. ಅದರಿಂದ ಸೊಂಟ, ಬೆನ್ನು ಮೂಳೆ ನೋಯುವುದು ಮಾಮೂಲು. ಕಂಕುಳಿನ ಗಂಟು ತೆಗೆದಿರುವ ಎಡಗೈಗೆ ಬಿಪಿ ಪಟ್ಟಿ, ಸೂಜಿ ಎರಡೂ ಬೇಡ ಅಂತ ಹೋದಲ್ಲೆಲ್ಲ ನೀವೇ ಹೇಳಬೇಕು, ಲ್ಯಾಬಿನವರು ಕೇಳುವುದಿಲ್ಲ.

ಹಾಸನದ ಸೊಸೆ
ಎಲ್ಲರಿಗೂ ಧನ್ಯವಾದ, ಕ್ಯಾಲೆಂಡರ್ ಬರೆದಾಯಿತು. ಇವತ್ತು 6ನೇ ದಿನ, ತುಟಿಯ ಒಳಗೆ ಉರಿ ಶುರು. ಜೇನುತುಪ್ಪ ಹಚ್ಚಲೇ?

ಡೇಕೇರ್ ಸಿಸ್ಟರ್
ಶುಗರ್ ಇರುವವರಿಗೆ, ಅದೂ ರಕ್ತಕಣ ಇಳಿಯುವ ಹೊತ್ತಿಗೆ ಬೇಡ. ಒಂದು ದೊಡ್ಡ ಲೋಟ (250 ಮಿಲಿ) ಕುದಿಸಿ ಆರಿಸಿದ ನೀರಿಗೆ ಕಾಲು ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಿ ಉಗಿಯಲಿ, ನುಂಗಬಾರದು. ದಿನಾ ಹೊಸದಾಗಿ ಕಲೆಸಿ. ಮಕ್ಕಳ ಮೆತ್ತನೆ ಬ್ರಷ್ ಸಾಕು. ಬೇವಿನ ಕಡ್ಡಿ, ಹಲ್ಲುಪುಡಿ, ಖಾರ, ಉರಿಯುವ ಮೌತ್‌ವಾಶ್ ದೂರವಿಡಿ. ಕಟ್ಟಿಸಿದ ಹಲ್ಲಿದ್ದರೆ ಊಟದ ಹೊತ್ತಿಗೆ ಮಾತ್ರ. ಬಿಳಿ ಪದರ ಕಂಡರೆ ಅದು ಫಂಗಸ್, ಮಾತ್ರೆ ಬೇಕು. ನೀರೂ ಇಳಿಯದಿದ್ದರೆ ಡ್ರಿಪ್ ಹಾಕಿಸಬೇಕಾಗುತ್ತದೆ, ಅವತ್ತೇ ಹೊರಡಿ.

ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ಮತ್ತೆ ಬನ್ನಿ. ಅದರಲ್ಲಿ ವಾಂತಿ ಕಡಿಮೆ, ಬೆರಳು ಜೋಮು ಹಿಡಿಯುವುದು ಜಾಸ್ತಿ. ಆಗ ಕಾದ ಕಾವಲಿ, ಬಿಸಿನೀರಿನ ಹಂಡೆ ಅತ್ತೆಯ ಕೈಗೆ ಕೊಡಬೇಡಿ, ಸುಟ್ಟರೂ ತಿಳಿಯುವುದಿಲ್ಲ.