ನಾಲ್ಕು ವರ್ಷದ ಮಗನಿಗೆ ಬಸ್ ಥೀಮ್ ಬರ್ತ್‌ಡೇ: ಮಾಡಿದವರು ಹೇಳಿ

ಕೇಳಿದ್ದು: ಮಗನಿಗೆ ಮುಂದಿನ ತಿಂಗಳು ನಾಲ್ಕು ತುಂಬುತ್ತದೆ. ಕೆಂಪು ಬಸ್ ಕಂಡರೆ ಊಟ ತಿಂಡಿ ಮರೆಯುತ್ತಾನೆ. ನಮ್ಮದು ಎರಡು ಬೆಡ್‌ರೂಮಿನ ಮನೆ, ಬರುವವರು ಹತ್ತು ಹನ್ನೆರಡು ಮಕ್ಕಳು. ಬಸ್ಸಿನ ಚಿತ್ರದ ಕೇಕ್ ತಂದು ನಾಲ್ಕು ಬಲೂನ್ ಕಟ್ಟೋದಕ್ಕಿಂತ ಬೇರೆ ಏನಾದರೂ ಮಾಡಬಹುದಾ?

ಮೈಸೂರಿನ ಒಬ್ಬ ಅಮ್ಮ: ಮಗಳಿಗೆ ನಾವು ಇದನ್ನೇ ಮಾಡಿದ್ದೆವು. ಅಲಂಕಾರಕ್ಕೆ ಜಾಸ್ತಿ ಸುರಿಯಬೇಡಿ. ಈ ವಯಸ್ಸಿನ ಮಕ್ಕಳು ಗೋಡೆ ನೋಡೋದೇ ಇಲ್ಲ. ಕುರ್ಚಿಗಳನ್ನು ಎರಡೆರಡಾಗಿ ಸಾಲಿಗೆ ಹಾಕಿ, ಬಸ್ ರೆಡಿ. ಡ್ರೈವರ್‌ಗೆ ಒಂದು ಸ್ಟೂಲು, ಸ್ಟೇರಿಂಗ್‌ಗೆ ಸ್ಟೀಲ್ ತಟ್ಟೆ.

ರೂಟು ಬೆಂಗಳೂರಿಂದ ಮೈಸೂರಿಗೆ, ಹಳೇ ರಸ್ತೆಯಲ್ಲಿ. (ಎಕ್ಸ್‌ಪ್ರೆಸ್‌ವೇಯಲ್ಲಿ ಊರೇ ಸಿಗಲ್ಲ, ಏನಾಟ ಆಡಿಸ್ತೀರಿ?) ಬಿಡದಿಯಲ್ಲಿ ಪುಟಾಣಿ ತಟ್ಟೆ ಇಡ್ಲಿ. ರಾಮನಗರದಲ್ಲಿ ದಿಂಬುಗಳ ಬೆಟ್ಟ ಹತ್ತೋದು. ಚನ್ನಪಟ್ಟಣದಲ್ಲಿ ಬುಗುರಿ. ಮದ್ದೂರಲ್ಲಿ ಮೆಣಸಿನಕಾಯಿ ಹಾಕದ ವಡೆ. ಶ್ರೀರಂಗಪಟ್ಟಣದಲ್ಲಿ ನೆಲಕ್ಕೆ ನೀಲಿ ಸೀರೆ ಹಾಸಿದ್ದೆವು, ಅದೇ ಕಾವೇರಿ. ದಿಂಬಿನಿಂದ ದಿಂಬಿಗೆ ಕಾಲಿಟ್ಟು ದಾಟಬೇಕು. ಮೈಸೂರು ಬಂದಾಗ ಕೇಕು.

ಒಂದೊಂದು ಸ್ಟಾಪಿಗೂ ಒಬ್ಬೊಬ್ಬ ಕಂಡಕ್ಟರ್. ಹೆಗಲಿಗೆ ಬಟ್ಟೆ ಚೀಲ, ಕೈಯಲ್ಲಿ ಟಿಕೆಟ್ ಕಟ್ಟು. 'ರೈಟ್ ರೈಟ್', 'ಹೋಲ್ಡಾನ್' ಯಾರೂ ಹೇಳಿಕೊಡಲಿಲ್ಲ, ಎಲ್ಲರಿಗೂ ಬರುತ್ತಿತ್ತು! ಒಬ್ಬ ಹುಡುಗನಂತೂ ಹತ್ತರ ನೋಟು ಇಸ್ಕೊಂಡು, ಟಿಕೆಟ್ ಹಿಂದೆ ಪೆನ್ಸಿಲ್ಲಲ್ಲಿ ಎರಡು ಗೆರೆ ಗೀಚಿ, 'ಚಿಲ್ಲರೆ ಇಲ್ಲ, ಇಳಿಯುವಾಗ ತಗೊಳ್ಳಿ' ಅಂದ. ವಿಷಲ್ ಮಾತ್ರ ದೊಡ್ಡವರ ಹತ್ತಿರ ಇರಲಿ. ಒಂದೇ ವಿಷಲ್ ಎಲ್ಲರ ಬಾಯಿಗೂ ಹೋದರೆ ಮಾರನೇ ದಿನ ಎಲ್ಲರಿಗೂ ನೆಗಡಿ.

ಹುಬ್ಬಳ್ಳಿಯ ಒಬ್ಬ ಅಪ್ಪ: ನಮ್ಮ ಮನೆಯಲ್ಲಿ ಧಾರವಾಡ ಪೇಡಾ, ಬೆಳಗಾವಿ ಕುಂದಾ ರೂಟು ಓಡಿತ್ತು. 2023ರಿಂದ ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ, ಹುಡುಗಿಯರೆಲ್ಲ ಆಧಾರ್ ಕಾರ್ಡ್ ಅಂತ ಖಾಲಿ ಕೈ ತೋರಿಸಿ ಹತ್ತಿಬಿಟ್ಟರು. ಹುಡುಗರು ಜಗಳಕ್ಕೆ ನಿಂತರು. ಆಟದ ನೋಟು ಎಲ್ಲರಿಗೂ ಸಮ ಹಂಚಿಡಿ.

ಮಕ್ಕಳ ವಾರ್ಡಿನ ನರ್ಸ್: ಗ್ಯಾಸ್ ಬಲೂನ್ ಬೇಡವೇ ಬೇಡ. ಹೀಲಿಯಂ ದುಬಾರಿ ಅಂತ ಹೈಡ್ರೋಜನ್ ತುಂಬುವವರಿದ್ದಾರೆ. ಅದಕ್ಕೆ ಮೇಣದಬತ್ತಿಯ ಕಿಡಿ ತಗುಲಿದರೆ ಭಗ್ ಅಂತ ಹತ್ತುತ್ತದೆ. ಕೇಕಿನ ಹತ್ತಿರ ಸ್ನೋ ಸ್ಪ್ರೇ ಹೊಡೆಯೋದೂ ಅಷ್ಟೇ ಅಪಾಯ. ಮಾಮೂಲಿ ಬಲೂನ್ ಕಟ್ಟಿದರೂ ಒಡೆದ ಚೂರನ್ನು ಕೂಡಲೇ ಹೆಕ್ಕಿಬಿಡಿ, ಬಾಯಿಗೆ ಹೋದರೆ ಗಂಟಲಲ್ಲಿ ಕೂರುತ್ತದೆ. ಕಡಲೆಬೀಜ, ಪಾಪ್‌ಕಾರ್ನ್ ಬೇಡ. ದ್ರಾಕ್ಷಿ ಇಟ್ಟರೆ ಉದ್ದಕ್ಕೆ ನಾಲ್ಕು ಸೀಳಿ ಇಡಿ. ಚಿಕ್ಕ ತಂಗಿ ತಮ್ಮಂದಿರೂ ಬಂದಿರುತ್ತಾರೆ, ನೆನಪಿರಲಿ.

ತುಮಕೂರಿನ ಅಜ್ಜಿ: ನೋಡು ಕಂದ, ಸಂಜೆ ಇಟ್ಕೋಬೇಡ. ಮಧ್ಯಾಹ್ನ ಮಲಗದ ಮಕ್ಕಳು ಕೇಕ್ ಕತ್ತರಿಸೋ ಹೊತ್ತಿಗೆ ರಚ್ಚೆ ಹಿಡಿಯುತ್ತವೆ. ಬೆಳಿಗ್ಗೆ ಎಣ್ಣೆ ನೀರು ಹಾಕಿ ಆರತಿ ಎತ್ತು, ಹತ್ತೂವರೆಗೆ ಆಟ ಶುರು ಮಾಡು, ಹನ್ನೆರಡೂವರೆಗೆ ಎಲೆ ಹಾಕು. ಮಕ್ಕಳಿಗೆ ಮೊಸರನ್ನ, ದೊಡ್ಡವರಿಗೆ ಬಿಸಿಬೇಳೆಬಾತ್ ಸಾಕು.

ಕೇಳಿದವರು: ಮೈಸೂರು ರೂಟೇ ಫಿಕ್ಸ್! ರಿಟರ್ನ್ ಗಿಫ್ಟ್‌ಗೆ ಏನು ಕೊಟ್ಟಿರಿ?

ಮೈಸೂರಿನ ಅಮ್ಮ: ಚನ್ನಪಟ್ಟಣದ ಬುಗುರಿ. ಆಡಿದ ಬುಗುರಿಯನ್ನೇ ಅವರವರ ಚೀಲಕ್ಕೆ ಹಾಕಿ ಕಳಿಸಿದೆವು. ಆಲೆ ಮರದ್ದು, ಅರಗಿನ ಬಣ್ಣ. ಕೊಳ್ಳುವಾಗ ಕಡ್ಡಿಯ ತುದಿ ಮೊಂಡಾಗಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ಎಲ್ಲಾ ಒಂದೇ ಬಣ್ಣದ್ದು ತಗೊಳ್ಳಿ, ಇಲ್ಲಾಂದ್ರೆ 'ನಂಗೆ ಕೆಂಪು ಬೇಕು' ಅಂತ ಬಾಗಿಲಲ್ಲೇ ಗಲಾಟೆ.